ಒಂದು ರಿಂಗ್ ಕೊಟ್ಟು ಕಟ್

ಕೋಪ ಬಂದರೆ ನನ್ನ ಕನ್ನಡ ಸೀದಾ ನನ್ನ ಹುಟ್ಟೂರು ರಾವಂದೂರಿಗೆ ಹೊರಟುಬಿಡುತ್ತದೆ. ತರಗತಿಯಲ್ಲಿ ಅಚ್ಚುಕಟ್ಟಾಗಿ ಇಂಗ್ಲಿಷಿನಲ್ಲಿ ಪಾಠ ಮಾಡುವ ಕಂಪ್ಯೂಟರ್ ಸೈನ್ಸ್ ಪ್ರೊಫೆಸರ್ ಬಾಯಲ್ಲಿ ಇದ್ದಕ್ಕಿದ್ದಂತೆ "ಏನ್ಲಾ ಅದು?" ಅಂತ ಬಂದರೆ ಹುಡುಗರು ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ಆ ಮಧ್ಯಾಹ್ನ ಲ್ಯಾಬಿನಲ್ಲಿ ನಾನು ಕೂಗಿದ್ದು ಇಡೀ ಬ್ಲಾಕಿಗೆ ಕೇಳಿಸಿತಂತೆ. ಕೇಳಿಸಲಿ. ಇವತ್ತಿಗೂ ಅದರ ಬಗ್ಗೆ ನನಗೆ ಒಂದಿಷ್ಟೂ ಬೇಸರವಿಲ್ಲ.

ನಾನು ಪಾಠ ಹೇಳುವುದು ಹುಣಸೂರಿನಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ. ನನ್ನ ಪಿಎಚ್‌ಡಿ ಕಂಪ್ಯೂಟರ್ ಜಾಲಗಳ ಮೇಲೆ. ಒಂದು ಯಂತ್ರ ಕಳಿಸಿದ ಸಂದೇಶ ಇನ್ನೊಂದಕ್ಕೆ ತಲುಪಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ ಎಂಬುದೇ ನನ್ನ ಜೀವಮಾನದ ತಲೆನೋವು. ತಲುಪಿತು ಅಂತ ಕಳಿಸಿದವನು ಹೇಳಿದರೆ ಆಗದು, ಪಡೆದವರು ಹೇಳಬೇಕು. ಪ್ರತಿ ವರ್ಷ ಮೊದಲ ಪಾಠದಲ್ಲೇ ಇದನ್ನು ಬೋರ್ಡಿನ ಮೇಲೆ ಬರೆಯುತ್ತೇನೆ. ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಅಲ್ಲಿಗೆ ಮುಗಿಯಿತು.

ಇದರ ಜೊತೆಗೆ ಕಾಲೇಜಿನವರು ನನ್ನನ್ನು ಸಮಾನ ಅವಕಾಶ ಸಮಿತಿಯ ಅಧ್ಯಕ್ಷೆ ಮಾಡಿದ್ದಾರೆ. ಹೆಣ್ಣುಮಕ್ಕಳು, ಹಳ್ಳಿಯ ಮಕ್ಕಳು, ಕನ್ನಡ ಮಾಧ್ಯಮದಿಂದ ಬಂದವರು, ಆದಿವಾಸಿ ಹಾಡಿಯಿಂದ ಬಂದವರು, ಎಲ್ಲರಿಗೂ ವಿಭಾಗದಲ್ಲಿ ಸರಿಯಾದ ಜಾಗ ಸಿಗುವಂತೆ ನೋಡಿಕೊಳ್ಳಬೇಕು ಎಂಬುದು ಅದರ ಕೆಲಸ. ಮಹಿಳಾ ದಿನದಂದು ಎಲ್ಲ ಮೇಡಮ್ಮುಗಳಿಗೆ ಒಂದೊಂದು ಗುಲಾಬಿ ಕೊಟ್ಟು ಫೋಟೋ ತೆಗೆಸುವುದು ಅದರ ಕೆಲಸ ಎಂದು ಆಡಳಿತದವರು ತಿಳಿದಿದ್ದರು. ಮೊದಲ ವರ್ಷವೇ ನಾನು ಗುಲಾಬಿ ಬೇಡ, ಲ್ಯಾಬಿನ ಕೀಲಿಕೈ ಕೊಡಿ ಎಂದೆ. ಅಲ್ಲಿಂದ ಶುರುವಾಯಿತು ನನ್ನ ಮೇಲಿನ ಮುನಿಸು.

ಲ್ಯಾಬಿನ ಕಥೆ ಹೇಳಲೇಬೇಕು. ಒಂದು ಕಂಪ್ಯೂಟರಿಗೆ ಇಬ್ಬರು, ಒಂದು ಪ್ರಾಜೆಕ್ಟಿಗೆ ನಾಲ್ವರು. ಯಾರೂ ಹೇಳಿಕೊಟ್ಟಿರುವುದಿಲ್ಲ, ಆದರೂ ಕೀಬೋರ್ಡಿನ ಮುಂದೆ ಹುಡುಗ ಕೂರುತ್ತಾನೆ, ಪಕ್ಕದಲ್ಲಿ ಹುಡುಗಿ ರೆಕಾರ್ಡ್ ಬರೆಯುತ್ತಾಳೆ. ಕೇಳಿದರೆ, "ಅವಳ ಅಕ್ಷರ ದುಂಡಗಿದೆ ಮೇಡಂ" ಎಂಬ ಉತ್ತರ ಸಿದ್ಧ. ನನ್ನ ಕ್ಲಾಸಿನಲ್ಲಿ ಅರ್ಧ ಗಂಟೆಗೊಮ್ಮೆ ಕುರ್ಚಿ ಬದಲಾಯಿಸುವ ನಿಯಮ ತಂದೆ. ನನ್ನ ಕ್ಲಾಸಿನ ಬಾಗಿಲು ದಾಟಿದರೆ ಮತ್ತೆ ಅದೇ ರಾಗ, ಅದೇ ತಾಳ.

ಆ ವರ್ಷ ಕೊನೆಯ ವರ್ಷದಲ್ಲಿ ಎಚ್.ಡಿ. ಕೋಟೆ ಕಡೆಯ ಒಬ್ಬ ಹುಡುಗಿ ಇದ್ದಳು. ಹೊಗೆಸೊಪ್ಪು ಬೆಳೆಯುವ ಮನೆಯವಳು. ಮಾತು ಕಡಿಮೆ, ಆದರೆ ಪ್ರೋಗ್ರಾಂ ಬರೆಯಲು ಕೂತರೆ ಸುತ್ತ ಏನಾಗುತ್ತಿದೆ ಎಂಬ ಪರಿವೆ ಇರುತ್ತಿರಲಿಲ್ಲ. ಎಂಟೆಕ್ ಮಾಡಬೇಕು, ನನ್ನ ಹಾಗೆ ಪಾಠ ಹೇಳಬೇಕು ಎಂಬುದು ಅವಳ ಆಸೆ. ಅವಳಪ್ಪನಿಗೆ ಕೆ.ಆರ್. ನಗರದಲ್ಲಿ ಒಂದು ಸಂಬಂಧ ಕಣ್ಣಿಗೆ ಬಿದ್ದಿತ್ತು, ಕಾಲುವೆ ನೀರಿನ ಗದ್ದೆಯವರು. ಒಣಭೂಮಿಯಲ್ಲಿ ಸೊಪ್ಪು ಬೆಳೆದು ಹೊಗೆ ಕುಡಿದ ಅಪ್ಪನಿಗೆ ಮಗಳು ಹಸಿರು ಗದ್ದೆಯ ಮನೆ ಸೇರಲಿ ಎನಿಸಿದ್ದರಲ್ಲಿ ತಪ್ಪೇನಿದೆ? ಆದರೆ ಹುಡುಗಿ ಊಟ ಬಿಟ್ಟು ಕೂತಳಂತೆ. ಕೊನೆಗೆ ಅಪ್ಪ ಒಂದು ಮಾತಿಗೆ ಬಂದಿದ್ದರು.

ಆ ಮಾತು ಅವಳ ಪ್ರಾಜೆಕ್ಟಿನ ಮೇಲೆ ನಿಂತಿತ್ತು. ಹೊಗೆಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ಬ್ಯಾರನ್ ಎಂಬ ಎತ್ತರದ ಗೂಡಿನೊಳಗೆ ನೇತುಹಾಕುತ್ತಾರೆ. ಹೊರಗಡೆ ಒಲೆ, ಒಳಗೆ ಕಬ್ಬಿಣದ ಕೊಳವೆಗಳಲ್ಲಿ ಶಾಖ. ಹಗಲೂ ರಾತ್ರಿ ಒಬ್ಬರು ಅಲ್ಲೇ ಇದ್ದು ಶಾಖವನ್ನು ಮೆಲ್ಲಗೆ ಏರಿಸಬೇಕು. ಏರು ಹೆಚ್ಚಾದರೆ ಸೊಪ್ಪು ಕಂದಿಹೋಗುತ್ತದೆ. ಒಣಗಿದ ಎಲೆಯೊಂದು ಕಾದ ಕೊಳವೆಯ ಮೇಲೆ ಬಿದ್ದರೆ ಗೂಡೇ ಹೊತ್ತಿಕೊಳ್ಳುತ್ತದೆ. ಈ ಮಕ್ಕಳ ಯಂತ್ರ ಒಳಗಿನ ಶಾಖ ಅಳೆದು, ಮಿತಿ ಮೀರಿದರೆ ಮನೆಯವರ ಫೋನಿಗೆ ಎಚ್ಚರಿಕೆ ಕೊಡಬೇಕಿತ್ತು. "ನಮ್ ಬ್ಯಾರನ್ನಲ್ಲೇ ಇಟ್ಟು ತೋರ್ಸು. ಸೊಪ್ಪು ಸರ್ಯಾಗಿ ಇಳುದ್ರೆ ಓದ್ಕೋ ಓಗು. ಇಲ್ದಿದ್ರೆ ನಾನ್ ಹೇಳ್ದಂಗೆ ಕೇಳ್ಬೇಕು," ಎಂದಿದ್ದರು ಅಪ್ಪ. ಅವಳು ಇದನ್ನು ಹೇಳಿದಾಗ ನಾನು ರೇಗಿದೆ. ಒಂದು ಗೂಡು ಸೊಪ್ಪಿನ ಮೇಲೆ ಮಗಳ ಓದನ್ನು ಪಣಕ್ಕಿಡುವುದುಂಟೇ? ಆದರೆ ಅವಳು ನಕ್ಕು, "ಇಳಿಯುತ್ತೆ ಮೇಡಂ" ಎಂದಳು.

ಪ್ರಾಜೆಕ್ಟಿಗೆ ಮಾರ್ಗದರ್ಶಕರು ನಮ್ಮ ವಿಭಾಗದ ಮುಖ್ಯಸ್ಥರು. ತಂಡದಲ್ಲಿ ಇವಳ ಜೊತೆ ಮೈಸೂರಿನ ಮೂವರು ಹುಡುಗರು. ಒಳ್ಳೆಯ ಹುಡುಗರೇ, ಚುರುಕಾದವರು. ಅಂತಿಮ ಅಂಕ ಕೊಡುವಾಗ ಸಹಿ ಹಾಕುವವಳು ನಾನು, ಅಷ್ಟೇ ನನ್ನ ಪಾತ್ರ.

ಸೊಪ್ಪು ಹಳದಿ ತಿರುಗಿ ಶಾಖ ಏರಿಸುವ ಹೊತ್ತಿಗೆ ಪರೀಕ್ಷೆ ಇಟ್ಟುಕೊಂಡರು. ಯಂತ್ರ ಬ್ಯಾರನ್ನಿನಲ್ಲಿ, ಅದರ ಅಂಕಿಗಳು ನಮ್ಮ ಲ್ಯಾಬಿನ ಪರದೆಯ ಮೇಲೆ. ಯಂತ್ರವಿದೆಯಲ್ಲ ಎಂಬ ಧೈರ್ಯದಲ್ಲಿ ಅವಳಪ್ಪ ಬೆಳಿಗ್ಗೆಯೇ ಕೆ.ಆರ್. ನಗರಕ್ಕೆ ಹೊರಟರು. ಆ ಸಂಬಂಧದ ಯೋಚನೆಯೂ ನಡೆಯುತ್ತಿರಬೇಕಲ್ಲ! ಹೆಂಡತಿಗೆ ಹೇಳಿದ್ದು ಇಷ್ಟೇ: "ಫೋನ್ ಬಂದ್ರೆ ಒಲೆಯಿಂದ ಸೌದೆ ಎಳ್ದಾಕು."

ಮಧ್ಯಾಹ್ನ ಊಟ ಮುಗಿಸಿ ಲ್ಯಾಬಿಗೆ ಹೋದೆ. ಹುಡುಗರು ಮೂವರೂ ಪರದೆಯ ಮುಂದೆ. ಇವಳು ಮೂಲೆಯ ಮೇಜಿನಲ್ಲಿ ತಲೆ ಬಗ್ಗಿಸಿ ವರದಿ ಬರೆಯುತ್ತಿದ್ದಳು. ದುಂಡಗಿನ ಅಕ್ಷರ! ಬಾಯಿ ತೆರೆಯುವಷ್ಟರಲ್ಲಿ ಪರದೆಯ ಗೆರೆ ಮೇಲಕ್ಕೆ ಏರುತ್ತಿರುವುದು ಕಂಡಿತು.

"ಶಾಖ ಮಿತಿ ದಾಟಿದೆಯಲ್ರೋ," ಎಂದೆ.

"ಹೌದು ಮೇಡಂ, ಅಲರ್ಟ್ ಹೋಗಿದೆ. ಸಿಸ್ಟಮ್ ಪಕ್ಕಾ ಕೆಲಸ ಮಾಡ್ತಿದೆ," ಎಂದ ಒಬ್ಬ, ಖುಷಿಯಿಂದ.

"ಅಲರ್ಟ್ ಹೋಗಿದ್ದರೆ ಶಾಖ ಯಾಕೆ ಇಳೀತಿಲ್ಲ?"

ಹಿಂದಿನಿಂದ ಕುರ್ಚಿ ಸರಿದ ಸದ್ದು. ಹುಡುಗಿ ಎದ್ದು ಬಂದು ಪರದೆ ನೋಡಿದಳು. "ಎಷ್ಟು ರಿಂಗ್ ಕೊಟ್ಟಿದ್ದೀರ?" ಎಂದು ಕೇಳಿದಳು.

"ಒಂದೇ. ಒಂದು ರಿಂಗ್, ಆಮೇಲೆ ಕಟ್. ಮಿಸ್ಡ್ ಕಾಲ್. ನಿನ್ನ ಹಳೇ ಕೋಡ್ ಸುಮ್ಮನೆ ಹೊಡ್ಕೊಂಡೇ ಇರ್ತಿತ್ತು, ಎಚ್‌ಓಡಿ ಸರ್ ತೆಗೀರಿ ಅಂದ್ರು. ಹಳ್ಳಿಯವರಿಗೆ ಮಿಸ್ಡ್ ಕಾಲ್ ಚೆನ್ನಾಗಿ ಗೊತ್ತಿರುತ್ತಲ್ಲ."

"ನಮ್ಮನೇಲಿ ಒಂದು ರಿಂಗ್ ಅಂದ್ರೆ ಎಲ್ಲ ಸರಿಯಾಗಿದೆ ಅಂತ," ಎಂದಳು.

ಅಯ್ಯೋ, ನನಗೆ ಗೊತ್ತಿಲ್ಲದ್ದೇ! ನಾನು ಓದಲು ಮೈಸೂರಿಗೆ ಹೋದಾಗ ನಮ್ಮ ಬೀದಿಗೆಲ್ಲ ಒಂದೇ ಫೋನು. ಹಾಸ್ಟೆಲ್ ಸೇರಿದ ತಕ್ಷಣ ಒಂದು ರಿಂಗ್ ಕೊಟ್ಟು ಕಟ್ ಮಾಡುತ್ತಿದ್ದೆ. ಆ ಫೋನಿದ್ದ ಮನೆಯ ಅಜ್ಜಿ ಜಗಲಿಯಿಂದಲೇ ನಮ್ಮವ್ವನಿಗೆ, "ನಿನ್ ಮಗ್ಳು ಸೇರ್ಕಂಡ್ಳಂತೆ ಕಣಮ್ಮಿ" ಎಂದು ಕೂಗುತ್ತಿತ್ತು. ಬೀದಿಯಿಂದ ಹೊರಗೆ ಓದಲು ಹೋದ ಹುಡುಗಿ ನಾನೊಬ್ಬಳೇ ಆದ್ದರಿಂದ ಯಾರ ರಿಂಗು ಎಂಬ ಗೊಂದಲವಿರಲಿಲ್ಲ. ಈಗ ಎಲ್ಲರ ಕೈಯಲ್ಲೂ ಫೋನಿದೆ, ಮಾತಿಗೆ ಕಾಸು ಕೊಡಬೇಕಿಲ್ಲ, ಆದರೂ ಆ ಪದ್ಧತಿ ಹೋಗಿಲ್ಲ. ಅವ್ವಂದಿರ ಕೈಯೆಲ್ಲ ಸೊಪ್ಪಿನ ಅಂಟು. ಫೋನ್ ಎತ್ತಲು ಕೈ ತೊಳೆಯಬೇಕು. ಒಂದು ರಿಂಗ್ ಸಾಕು.

"ಬೆಳಿಗ್ಗೆ ಒಂದು ರಿಂಗ್ ಅಂದ್ರೆ ಕಾಲೇಜು ಸೇರ್ದೆ ಅಂತ. ಮಧ್ಯಾಹ್ನದ ಮೇಲೆ ಅಂದ್ರೆ ಬಸ್ ಹತ್ತಿದೆ ಅಂತ. ಯಂತ್ರದ ನಂಬರನ್ನ ಅವ್ವ 'ಕಾಲೇಜು' ಅಂತ ಹಾಕಿಸ್ಕೊಂಡಿದೆ ಮೇಡಂ. ನಾನು ಹೊರಟೆ ಅಂದ್ಕೊಂಡಿರುತ್ತೆ," ಎನ್ನುತ್ತಲೇ ಹುಡುಗಿ ಫೋನ್ ಮಾಡಿದಳು. ಆ ಕಡೆಯಿಂದ ಕಟ್. ಮತ್ತೆ ಮಾಡಿದಳು. ಮತ್ತೆ ಕಟ್. ತಿಳಿಯಿತು ಮಗಳೇ, ಬಾ ಎಂದು ಅದರ ಅರ್ಥ. ಆಮೇಲೆ ಫೋನನ್ನು ಎಲ್ಲೋ ಇಟ್ಟು ಹೋಗಿರಬೇಕು, ರಿಂಗಾಗುತ್ತಲೇ ಇತ್ತು. ನನ್ನ ಫೋನಿನಿಂದ ಮಾಡಿದೆ, ಅದನ್ನೂ ಎತ್ತಲಿಲ್ಲ. ಗೊತ್ತಿಲ್ಲದ ನಂಬರ್ ಎತ್ತಬೇಡ ಎಂದು ಬ್ಯಾಂಕಿನ ಹೆಸರು ಹೇಳುವ ಮೋಸಗಾರರ ಭಯಕ್ಕೆ ಮಗಳೇ ಹೇಳಿಕೊಟ್ಟಿದ್ದಳು. ಅಪ್ಪನ ಫೋನ್ ಸಂಪರ್ಕಕ್ಕೆ ಸಿಗಲಿಲ್ಲ.

"ಏನ್ಲಾ ಮಾಡ್ಬುಟ್ರಿ!" ಅಂತ ನಾನು ಕೂಗಿದ್ದು ಆಗ. "ಅವ್ಳ ಮನೆ ಬ್ಯಾರನ್ನು, ಅವ್ಳ ಅವ್ವನ ಫೋನು, ಅವ್ಳನ್ನ ಒಂದ್ ಮಾತ್ ಕೇಳಾಕೆ ನಿಮ್ಗೇನ್ಲಾ ರೋಗ?" ನಿಂತು ಬೈಯಲು ಹೊತ್ತಿರಲಿಲ್ಲ. ಹುಡುಗಿಯ ಕೈ ಹಿಡಿದು ಕಾರಿನ ಕಡೆ ಓಡಿದೆ.

ಹುಣಸೂರು ಪೇಟೆ ದಾಟುವುದೇ ಒಂದು ಪ್ರಾಣಸಂಕಟ. ಲಕ್ಷ್ಮಣತೀರ್ಥ ಹೊಳೆಯ ಸೇತುವೆಯ ಹತ್ತಿರ ಮಡಿಕೇರಿ ಬಸ್ಸೊಂದು ಅಡ್ಡ ನಿಂತು ಜನ ಹತ್ತಿಸಿಕೊಳ್ಳುತ್ತಿತ್ತು. ಹಾರ್ನ್ ಒತ್ತಿದೆ, ಕಿಟಕಿಯಿಂದ ತಲೆ ಹಾಕಿ ಬೈದೆ. ಕಂಡಕ್ಟರ್ ನನ್ನ ಸೀರೆ, ಕನ್ನಡಕ ನೋಡಿ ಆ ಬೈಗುಳ ಬಂದಿದ್ದು ಎಲ್ಲಿಂದ ಎಂದು ಹುಡುಕಿದ. ಕೋಟೆ ರಸ್ತೆಗೆ ಬಿದ್ದಮೇಲೆ ಸೊಪ್ಪು ತುಂಬಿದ ಟ್ರ್ಯಾಕ್ಟರುಗಳು, ಶಾಲೆ ಬಿಟ್ಟ ಮಕ್ಕಳು. ಪಕ್ಕದಲ್ಲಿ ಹುಡುಗಿ ಒಂದು ಕೈಯಲ್ಲಿ ನೆರೆಮನೆಯ ಚಿಕ್ಕಮ್ಮನಿಗೆ ಫೋನ್ ಮಾಡುತ್ತಾ, ನನ್ನ ಫೋನಿನಲ್ಲಿ ಶಾಖದ ಗೆರೆ ನೋಡುತ್ತಾ ಇದ್ದಳು. ಚಿಕ್ಕಮ್ಮ ಹೊಲದಲ್ಲಿದ್ದಿರಬೇಕು, ಎತ್ತಲಿಲ್ಲ.

"ಇನ್ನೂ ಏರ್ತಿದೆ ಮೇಡಂ."

"ಏರ್ಲಿ ಬುಡು, ಹೋಗ್ತಾ ಇದೀವಲ್ಲ," ಎಂದೆ.

"ಅವ್ವ ಒಳಗೆ ಇಣುಕಿ ನೋಡೋಕೆ ಬಾಗಿಲು ತೆಗೆದ್ರೆ ಗಾಳಿಗೆ ಹೊತ್ಕೊಳ್ಳುತ್ತೆ." ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನ ಹೇಳುವ ಕೆಲಸವಾದರೂ ಇರುತ್ತಿತ್ತು. ಇನ್ನೊಂದಷ್ಟು ದೂರ ಹೋದಮೇಲೆ ಸಿಗ್ನಲ್ ಹೋಯಿತು. ಪರದೆಯ ಮೇಲೆ ಗೆರೆ ಏರಿದ್ದು ಏರಿದಂತೆಯೇ ನಿಂತುಬಿಟ್ಟಿತು.

ಊರ ಬಾಗಿಲಲ್ಲೇ ಸೀದ ವಾಸನೆ. ಕಾರು ನಿಲ್ಲುವ ಮೊದಲೇ ಹುಡುಗಿ ಬಾಗಿಲು ತೆಗೆದು ಓಡಿದಳು. ಬ್ಯಾರನ್ ನಿಂತಿತ್ತು. ಒಲೆಯ ಬಾಯಿಯ ಮುಂದೆ ಅರ್ಧ ಉರಿದ ಸೌದೆಗಳು ಚೆಲ್ಲಾಡಿ ಹೊಗೆಯಾಡುತ್ತಿದ್ದವು. ಅವಳವ್ವ ನೆಲದ ಮೇಲೆ ಕೂತು ಬಿಂದಿಗೆಯ ನೀರಿನಲ್ಲಿ ಬಲಗೈ ಅದ್ದಿಕೊಂಡಿದ್ದರು. ವಾಸನೆ ಮೂಗಿಗೆ ಬಡಿದಾಗ ಸಲಿಕೆ ಹುಡುಕದೆ ಬರಿಗೈಯಲ್ಲೇ ಸೌದೆ ಎಳೆದಿದ್ದರು.

"ನಿನ್ ರಿಂಗ್ ಬಂತಲ್ಲವ್ವಾ, ಮಗ್ಳು ಬಸ್ ಹತ್ತುದ್ಲು ಅನ್ಕಂಡು ನಾನು ಸೊಪ್ಪು ಕಟ್ತಾ ಕುಂತಿದ್ದೆ. ಮಿಶೀನು ಯಾಕವ್ವಾ ಫೋನ್ ಮಾಡ್ಲಿಲ್ಲ?" ಎಂದು ಕೇಳಿದರು.

ಹುಡುಗಿ ಆಗ ಅತ್ತಳು. ಅವಳ ಹಿಂದೆ ನಿಂತು ನಾನೂ ಅತ್ತೆ, ಮುಚ್ಚಿಡುವುದೇನಿದೆ. ಕೈ ಸುಟ್ಟ ಹೆಂಗಸು ನಮ್ಮಿಬ್ಬರನ್ನೂ ಸಮಾಧಾನ ಮಾಡಬೇಕಾಯಿತು.

ಹೊತ್ತು ಇಳಿಯುವಾಗ ಅಪ್ಪ ಬಂದರು. ಕೈಯಲ್ಲಿ ಕೆ.ಆರ್. ನಗರದವರು ಕೊಟ್ಟ ಬಾಳೆಹಣ್ಣಿನ ಚಿಪ್ಪು. ಆರಿದ ಬ್ಯಾರನ್ನಿನ ಬಾಗಿಲಲ್ಲಿ ಇಣುಕಿ ನೋಡಿದರು. ಬಂಗಾರದ ಬಣ್ಣಕ್ಕೆ ಬರಬೇಕಿದ್ದ ಸೊಪ್ಪು ಕಂದಿ ಕರ್ರಗಾಗಿತ್ತು. ಹೆಂಡತಿಯ ಕೈ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ನೋಡಿ ಮೇಡಮ್ಮೋರೆ, ನೀವು ದೊಡ್ಡೋರು, ಎದ್ರು ಮಾತಾಡಕ್ಕಿಲ್ಲ. ಇವ್ಳು ಓದಿದ್ದು ಸಾಕು. ನಾನು ಅವ್ರಿಗೆ ಮಾತು ಕೊಡ್ತೀನಿ," ಎಂದರು.

ನನಗೆ ಹೇಳಲು ಬೇಕಾದಷ್ಟಿತ್ತು. ಅವಳು ಬರೆದ ಕೋಡನ್ನು ಅವಳಿಗೆ ಹೇಳದೆ ತೆಗೆದರು, ತಪ್ಪು ಅವಳದಲ್ಲ ಎಂದೆ. ಹುಡುಗಿಯರನ್ನು ಮೂಲೆಗೆ ಕೂರಿಸುವ ನಮ್ಮ ಲ್ಯಾಬಿನ ಚಾಳಿಯನ್ನೆಲ್ಲ ವಿವರಿಸಿದೆ. ಸಭೆಗಳಲ್ಲಿ ಹೇಳಿ ಹೇಳಿ ನಾಲಿಗೆಗೆ ರೂಢಿಯಾದ ಮಾತು ಅವು. ಅಪ್ಪ ನೆಲ ನೋಡುತ್ತಾ ಕೇಳಿದರು. ಒಂದು ಮಾತೂ ನಾಟಲಿಲ್ಲ.

ಆಗ ಅವ್ವ ನೀರಿನಿಂದ ಕೈ ತೆಗೆದು, "ಅಲ್ಲ ಕಣಿ, ಇದ್ನ ಮಾಡ್ದೋಳು ಇವ್ಳಲ್ಲ," ಎಂದರು. "ಇವ್ಳು ಮಾಡಿದ್ರೆ ನನ್ನ ಕೇಳಿ ಮಾಡೋಳು. ಇವ್ಳು ಮಾಡ್ದೆ ಇರೋದುಕ್ಕೆ ಇವ್ಳಿಗ್ಯಾಕೆ ಸಿಕ್ಸೆ?"

ಅಪ್ಪ ಬಾಳೆಹಣ್ಣನ್ನು ಜಗಲಿಯ ಮೇಲಿಟ್ಟರು. "ಸರಿ. ಮುಂದಿನ್ ಬ್ಯಾರನ್ಗೆ ಇವ್ಳೇ ಮಾಡ್ಲಿ. ಅದೂ ಕೆಟ್ರೆ ಯಾರ್ ಮಾತೂ ಕೇಳಕ್ಕಿಲ್ಲ," ಎಂದರು.

ಅಲ್ಲಿ ಗೆದ್ದದ್ದು ಸುಲಭ, ಕಾಲೇಜಿನಲ್ಲಿ ಕಷ್ಟವಾಯಿತು. ಮುಖ್ಯಸ್ಥರು ನಯವಾದ ಮನುಷ್ಯರು, ದನಿ ಎತ್ತುವವರಲ್ಲ. "ಮೇಡಂ, ಯಂತ್ರ ಶಾಖ ಅಳೆದಿದೆ, ಅಲರ್ಟ್ ಕಳಿಸಿದೆ. ಬಳಸುವವರು ಗಮನಿಸದಿದ್ದರೆ ನಾವೇನು ಮಾಡೋದು? ಪ್ರಾಜೆಕ್ಟ್ ಸಕ್ಸಸ್. ನೀವು ಎಲ್ಲದಕ್ಕೂ ಗಂಡು ಹೆಣ್ಣು ಅಂತ ತರಬೇಡಿ," ಎಂದರು ವಿಭಾಗದ ಸಭೆಯಲ್ಲಿ. ನಾನು ಸಹಿ ಹಾಕುವುದಿಲ್ಲ ಎಂದೆ. ಸಭೆಯಲ್ಲಿ ಕೂತಿದ್ದವರೆಲ್ಲ ಫ್ಯಾನ್ ನೋಡತೊಡಗಿದರು.

"ಒಂದೇ ಒಂದು ಕೇಳ್ತೀನಿ," ಎಂದೆ. "ನಿಮಗೆಲ್ಲ ಒಂದು ರಿಂಗ್ ಬಂದು ಕಟ್ ಆದರೆ ಏನರ್ಥ?" ಮುಖ್ಯಸ್ಥರು, ತಿರುಗಿ ಕರೆ ಮಾಡಬೇಕು ಎಂದರು. ಪಿರಿಯಾಪಟ್ಟಣದಿಂದ ಓಡಾಡುವ ಯುವ ಲೆಕ್ಚರರ್ ಒಬ್ಬಳು ಅಲ್ಲಿಯತನಕ ಯಾವ ಸಭೆಯಲ್ಲೂ ಬಾಯಿ ಬಿಟ್ಟವಳಲ್ಲ. ಅವಳು ಮೆಲ್ಲಗೆ, "ಮನೆ ಸೇರಿದೆ ಅಂತ ಸರ್. ನಾನು ದಿನಾ ಅಮ್ಮನಿಗೆ ಕೊಡ್ತೀನಿ," ಎಂದಳು. ಕಂಪಲಾಪುರದ ಅಟೆಂಡರ್ ಬಾಗಿಲಲ್ಲಿ ಟೀ ತಟ್ಟೆ ಹಿಡಿದು ನಿಂತವರು, "ನಮ್ಮಲ್ಲೂ ಅಂಗೇಯ," ಎಂದರು. ನನಗೆ ಬೈಯುವ ಮನಸ್ಸಾಗಲಿಲ್ಲ. "ಸರ್, ನಾನು ಈ ಸಮಿತಿ ಅಂತ ಒದ್ದಾಡೋದು ಇದಕ್ಕೇ. ಇದು ಗೊತ್ತಿದ್ದವಳು ನಮ್ಮ ಲ್ಯಾಬಿನಲ್ಲೇ ಕೂತಿದ್ದಳು. ನಾವು ಅವಳ ಕೈಯಲ್ಲಿ ರೆಕಾರ್ಡ್ ಬರೆಸಿದೆವು," ಎಂದೆ. ಅವರು ಒಪ್ಪಿದರು ಎಂದೇನೂ ಹೇಳಲಾರೆ. ಇನ್ನೊಂದು ಪರೀಕ್ಷೆಗೆ ಅನುಮತಿ ಕೊಟ್ಟರು, ಮತ್ತೆ ಆ ವರ್ಷವೆಲ್ಲ ನನ್ನ ಜೊತೆ ಟೀ ಕುಡಿಯಲಿಲ್ಲ.

ಮುಂದಿನ ಬ್ಯಾರನ್ ತುಂಬಿದಾಗ ಹುಡುಗಿ ಲ್ಯಾಬಿನಲ್ಲಿ ಕೀಬೋರ್ಡಿನ ಮುಂದೆ ಕೂತಳು. ಮೂವರು ಹುಡುಗರೂ ನನ್ನ ಜೊತೆ ಹಳ್ಳಿಗೆ ಬಂದರು, ಅವರಾಗಿಯೇ. ಒಬ್ಬ ಅವ್ವನ ಮುಂದೆ ನಿಂತು ಏನೋ ಹೇಳಲು ಹೋಗಿ ಹೇಳಲಾಗದೆ ಅವರು ಕೊಟ್ಟ ಮಜ್ಜಿಗೆ ಕುಡಿದ. ಅಪ್ಪ ಮಾತ್ರ ಯಾರ ಜೊತೆಯೂ ಮಾತಾಡದೆ ಹುಣಸೆ ಮರದ ಬುಡದಲ್ಲಿ ಬೀಡಿ ಸೇದುತ್ತಾ ಕೂತರು. ಬೇಕೆಂದೇ ಒಲೆಗೆ ಸೌದೆ ಜಾಸ್ತಿ ಹಾಕಿಸಿದ್ದರು, ಕಳ್ಳ.

ಸಂಜೆ ಹೊತ್ತಿಗೆ ಫೋನ್ ಬಡಿದುಕೊಂಡಿತು. ಅವ್ವ ಸೊಪ್ಪು ಕಟ್ಟುತ್ತಾ ಅಭ್ಯಾಸಬಲದಿಂದ ಸುಮ್ಮನೆ ಕೂತರು. ಎತ್ತು ಎಂದು ಹೇಳುವಂತಿಲ್ಲ, ಪರೀಕ್ಷೆ. ಫೋನ್ ನಿಲ್ಲಲಿಲ್ಲ. ಒಮ್ಮೆ ನಿಂತು ಮತ್ತೆ ಶುರುವಾಯಿತು. ಬೇಲಿಯಾಚೆಯಿಂದ ಚಿಕ್ಕಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಓಡಿಬಂದು, "ಏ, ಎತ್ತಮ್ಮೀ ಅದ್ನ! ನಿಮ್ ಮಿಶೀನು ನಮ್ಮನೆಗೂ ಫೋನ್ ಮಾಡ್ತಾ ಅದೆ!" ಎಂದು ಕೂಗಿದಳು. ಅವ್ವ ಕೈಯ ಅಂಟನ್ನು ಸೀರೆಗೆ ಒರೆಸಿಕೊಂಡು ಫೋನ್ ಎತ್ತಿ, "ಬತ್ತೀನಿ ಇರು, ಕಿತ್ಕಂಡು ತಿನ್ಬೇಡ!" ಎಂದು ಯಂತ್ರಕ್ಕೆ ಬೈದು, ತಲುಪಿತು ಎಂದು ತಿಳಿಸಲು ಹೇಳಿಕೊಟ್ಟ ಗುಂಡಿ ಒತ್ತಿ, ಸಲಿಕೆ ಹಿಡಿದು ಒಲೆಯ ಕಡೆ ನಡೆದರು. ಅಪ್ಪ ಬೀಡಿ ಬಿಸಾಕಿ ಎದ್ದು ನಿಂತರು. ಸೊಪ್ಪು ಬಂಗಾರದ ಬಣ್ಣದಲ್ಲಿ ಇಳಿಯಿತು.

ಮರುವರ್ಷ, ಮತ್ತೆ ಬ್ಯಾರನ್ನುಗಳು ಹೊಗೆಯಾಡುವ ಕಾಲಕ್ಕೆ, ಹುಡುಗಿ ಎಂಟೆಕ್ ಓದಲು ದೂರದೂರಿಗೆ ಹೊರಟಳು. ಬಸ್ಸಿಗೆ ಹತ್ತಿಸಲು ಅಪ್ಪನೇ ಹೋಗಿದ್ದರಂತೆ. ನಾನು ಕ್ಲಾಸು ಮುಗಿಸಿ ಕೋಣೆಯಲ್ಲಿ ಕೂತಿದ್ದೆ. ಮೇಜಿನ ಮೇಲಿನ ಫೋನು ಒಂದು ರಿಂಗ್ ಕೊಟ್ಟು ಕಟ್ಟಾಯಿತು. ಅವಳ ಹೆಸರು. ಕೈ ಚಾಚಿದವಳು ಹಿಂದೆಗೆದೆ. ನಮ್ಮವ್ವ ಹೋದಮೇಲೆ ನಾನು ಯಾರಿಗೂ ಒಂದು ರಿಂಗ್ ಕೊಟ್ಟಿರಲಿಲ್ಲ, ನನಗೂ ಯಾರೂ ಕೊಟ್ಟಿರಲಿಲ್ಲ.

ಹಾಗೇ ಕೂತಿದ್ದಾಗ ಫೋನ್ ಮತ್ತೆ ಬಡಿಯಿತು. ಈ ಸಲ ನಿಲ್ಲಲಿಲ್ಲ. ಅವಳವ್ವ. ಅವರಾಗಿಯೇ ನನಗೆ ಫೋನ್ ಮಾಡಿದ್ದು ಅದೇ ಮೊದಲು.

"ಮೇಡಮ್ಮೋರೇ," ಎಂದರು. "ನಿಮ್ಗೂ ಬಂತಾ?"

"ಬಂತು ಕಣವ್ವಾ," ಎಂದೆ.